ಅವ್ವ ಕೊಟ್ಟ ಕಿಡ್ನಿ ‘ಹಿಡೀಲಿಲ್ವಾ’?

ಮಾನ್ವಿ ಕಡೆ ಯಾರ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ: “ನಿಮ್ಮವ್ವ ಕೊಟ್ಟ ಕಿಡ್ನಿ ಹಿಡೀಲಿಲ್ಲಂತಲ್ಲ?” ಕಸಿಯಾದ ಐದನೇ ತಿಂಗಳಿಗೆ ಮತ್ತೆ ಆಸ್ಪತ್ರೆ ಸೇರಿದ್ದೆ. ಸುದ್ದಿ ಹಂಗೆ ಹಬ್ಬಿತು.

ಕಿಡ್ನಿ ಚೆನ್ನಾಗಿಯೇ ಹಿಡಿದಿತ್ತು. ಕಿರಿದಾಗಿದ್ದು ಅದಕ್ಕೆ ರಕ್ತ ತರುವ ನಾಳ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಪಕಾಲುವೆ ಬಾಯಲ್ಲಿ ಹೂಳು ತುಂಬಿದೆ. ಹೊಲದಲ್ಲಿ ನಿಂತ ರೈತನಿಗೆ ಅದು ಕಾಣುವುದಿಲ್ಲ. ಮೇಲಿನಿಂದಲೇ ನೀರು ಕಡಿಮೆ ಬಿಟ್ಟಿದ್ದಾರೆ ಅಂದುಕೊಂಡು “ಗೇಜ್ ಏರಿಸಿ”, ಅಂದರೆ ಕಾಲುವೆಯ ನೀರಿನ ಮಟ್ಟ ಏರಿಸಿ ಎಂದು ಕೂಗುತ್ತಾನೆ. ಕಿಡ್ನಿಯೂ ಹಾಗೇ. ತನಗೆ ರಕ್ತ ಕಡಿಮೆ ಬಂದರೆ ಇಡೀ ಮೈಯ ಬಿಪಿಯೇ ಇಳಿದಿದೆ ಎಂದು ತಿಳಿದು ರೆನಿನ್ ಎಂಬ, ಬಿಪಿ ಏರಿಸಲು ಸೂಚನೆ ಕೊಡುವ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತದೆ. ಅದರ ಬೆನ್ನಿಗೇ ನಾಳಗಳು ಬಿಗಿಯುತ್ತವೆ, ಉಪ್ಪು, ನೀರು ಎರಡೂ ಮೈಯಲ್ಲೇ ಉಳಿಯುತ್ತವೆ, ಬಿಪಿ ಏರುತ್ತದೆ. ಮೇಲಿನವರ ಹೊಲ ಮುಳುಗಿತು, ಕೊನೆಯವನದು ಒಣಗೇ ಇದೆ.

ನನಗೆ ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ 180ರ ಆಸುಪಾಸು. ಕಾಲುಚೀಲ ಬಿಚ್ಚಿದರೆ ಅದರ ಗೆರೆ ಮಲಗುವ ಹೊತ್ತಿಗೂ ಅಳಿಸುತ್ತಿರಲಿಲ್ಲ. ಒಬ್ಬ ಡಾಕ್ಟರು ಟೆಲ್ಮಿಸಾರ್ಟನ್ ಎಂಬ ಬಿಪಿ ಮಾತ್ರೆ ಬರೆದುಕೊಟ್ಟರು. ವಾರದೊಳಗೆ ಕ್ರಿಯಾಟಿನಿನ್ (ಕಿಡ್ನಿ ಸೋಸುವುದು ಕಡಿಮೆಯಾದರೆ ರಕ್ತದಲ್ಲಿ ಏರುವ ಕಸ) 1.4ರಿಂದ 2.3ಕ್ಕೆ ಹೋಯಿತು. ಮಾತ್ರೆ ಕೆಟ್ಟದ್ದಲ್ಲ, ಸುಮ್ನೆ ಬೈಯಬೇಡಿ. ನಾಳ ಕಿರಿದಾದಾಗ ಕಿಡ್ನಿ ಒಳಗಿನ ಒತ್ತಡ ಹೇಗೋ ಕಾಯ್ದುಕೊಂಡು ಸೋಸುತ್ತಿರುತ್ತದೆ. ಈ ಮಾತ್ರೆ ಆ ಒತ್ತಡವನ್ನೇ ಇಳಿಸುತ್ತದೆ. ಆ ಏರಿಕೆಯೇ ಸುಳಿವಾಯಿತು. ಹಾಗಂತ ಕ್ರಿಯಾಟಿನಿನ್ ಏರಿದ್ದೆಲ್ಲ ಇದೇ ಅಲ್ಲ. ರಿಜೆಕ್ಷನ್ ಆದರೂ, ಅಂದರೆ ಮೈ ಹೊಸ ಕಿಡ್ನಿಯನ್ನು ಒಪ್ಪದಿದ್ದರೂ ಏರುತ್ತದೆ, ಅದನ್ನು ತಡೆಯಲು ನುಂಗುವ ಟ್ಯಾಕ್ರೋಲಿಮಸ್ ಜಾಸ್ತಿಯಾದರೂ ಏರುತ್ತದೆ. ಮನೆಯಲ್ಲಿ ಕೂತು ಊಹಿಸುವ ಕೆಲಸವಲ್ಲ.

ಕಸಿ ಮಾಡಿದ ಆಸ್ಪತ್ರೆಯ ಡಾಕ್ಟರು ಸ್ಟೆತಾಸ್ಕೋಪನ್ನು ನನ್ನ ಬಲಗಡೆ ಕಿಬ್ಬೊಟ್ಟೆ ಮೇಲೆ ಇಟ್ಟರು. ಹೊಸ ಕಿಡ್ನಿ ಇರುವುದು ಅಲ್ಲೇ. (ಹಳೆಯವೆರಡೂ ಬೆನ್ನ ಕಡೆ ಹಾಗೇ ಇವೆ. ಇದನ್ನು ಕೇಳಿದರೆ ಜನ ತುತ್ತು ಬಿಟ್ಟು ನನ್ನನ್ನೇ ನೋಡುತ್ತಾರೆ.) ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರು. “ಸುಯ್ ಅಂತಿದೆ, ಡಾಪ್ಲರ್ ಮಾಡಿಸಿ” ಅಂದರು. ನಾಳದಲ್ಲಿ ರಕ್ತ ಹರಿಯುವ ವೇಗ ನೋಡುವ ಸ್ಕ್ಯಾನ್ ಅದು. ಹೊಲಿಗೆ ಹಾಕಿದ ಜಾಗದ ಹತ್ತಿರವೇ ನಾಳ ಇಕ್ಕಟ್ಟಾಗಿತ್ತು. ಅಲ್ಲಿ ರಕ್ತ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನುಗ್ಗುತ್ತಿತ್ತು. ತೊಡೆಸಂದಿಯಿಂದ ತಂತಿ ತೂರಿಸಿ, ಬಲೂನು ಉಬ್ಬಿಸಿ, ನಾಳ ಮತ್ತೆ ಮುಚ್ಚಿಕೊಳ್ಳದಂತೆ ಸ್ಟೆಂಟ್ ಎಂಬ ಜಾಲರಿ ಕೊಳವೆ ಕೂರಿಸಿದರು. ಎಚ್ಚರವಾಗಿಯೇ ಇದ್ದೆ.

ಹೀಗೆ ನಾಳ ಕಿರಿದಾಗುವುದು ಹೆಚ್ಚಾಗಿ ಕಸಿಯಾದ ಮೂರು ತಿಂಗಳಿಂದ ಎರಡು ವರ್ಷದೊಳಗೆ ಬರುತ್ತದೆ. ಸ್ಟೆಂಟ್ ಹಾಕಿದ ಮೇಲೂ ಮತ್ತೆ ಕಿರಿದಾಗಬಹುದು. ಅದಕ್ಕೇ ಆಗಾಗ ಮಾಡಿಸುವ ಡಾಪ್ಲರ್ ತಪ್ಪಿಸುವುದಿಲ್ಲ.

ಸ್ಟೆಂಟ್ ಹಾಕುವ ಹಿಂದಿನ ರಾತ್ರಿ ಅವ್ವ ಮಂಚದ ಪಕ್ಕ ಕೂತು, “ನಂದು ವಯಸ್ಸಾದ ಕಿಡ್ನಿ, ಅದಕ್ಕ ಹಿಂಗಾತೇನಪಾ?” ಅಂದಿದ್ದಳು. ಮರುದಿನ ಡಾಕ್ಟರು ಕಂಪ್ಯೂಟರಿನಲ್ಲಿ ಅವಳಿಗೆ ಚಿತ್ರ ತೋರಿಸಿದರು. ಇಕ್ಕಟ್ಟಾದ ಜಾಗದ ಮೇಲೆ ಬೆರಳಿಟ್ಟು ಎರಡೆರಡು ಸಲ ಕೇಳಿದಳು: “ಹಂಗಾದ್ರ ನಂದು ಚಲೋನ ಐತಲ್ಲ?”

ಈಗ ಮದುವೆಯಲ್ಲಿ ಯಾರಾದರೂ ಬಾಯಿ ತೆಗೆದರೆ ನಾನು ತುತ್ತು ನುಂಗುವುದರೊಳಗೆ ಅವಳೇ ಹೇಳಿಬಿಡುತ್ತಾಳೆ: “ಹೂಳು ತುಂಬಿತ್ರೀ, ತೆಗಸೀವಿ.”