ಮುಚ್ಚಳದ ಮೇಲೆ ನಿಂತಿದ್ದ ಮೂರು ಕಾರು

ಬೆಂಗಳೂರಿನ ಹೊರವರ್ತುಲ ರಸ್ತೆಯ ಪಕ್ಕ ಒಂದು ಆಫೀಸ್ ಕಟ್ಟಡ. ಸೈಟು ಎಕರೆಗಿಂತ ಸ್ವಲ್ಪ ಕಡಿಮೆ, ಸುಮಾರು 3,600 ಚದರ ಮೀಟರ್. ಎರಡು ಬೇಸ್‌ಮೆಂಟ್, ಅದೂ ಮೂರು ಕಡೆ ಕಾಂಪೌಂಡ್ ಹತ್ತಿರದವರೆಗೂ. ಸುತ್ತ ಬಿಟ್ಟ ಜಾಗದಲ್ಲಿ ಫೈರ್ ಎಂಜಿನ್ ಓಡಾಡಬೇಕು. ಮುಂದುಗಡೆ ಒಂದಿಷ್ಟು ವಿಸಿಟರ್ ಪಾರ್ಕಿಂಗ್, ಗೇಟಿನ ಪಕ್ಕ 3 ಮೀಟರ್ ಅಗಲದ ಒಂದು ಪಟ್ಟಿ ಮಣ್ಣು. ಇಷ್ಟರೊಳಗೆ ಮಳೆನೀರಿನ ಕೊಳೆ ತೆಗೆದು ಮೋರಿಗೆ ಬಿಡುವುದು ಹೇಗೆ ಅಂತ ತೀರ್ಮಾನಿಸುವುದು ನನ್ನ ಕೆಲಸ.

"ಮಳೆನೀರು ಶುದ್ಧ ತಾನೇ ಮೇಡಂ, ಅದಕ್ಕೇನು ಟ್ರೀಟ್‌ಮೆಂಟು?" ಅಂತ ಪ್ರತಿ ಸೈಟಿನಲ್ಲೂ ಯಾರಾದರೂ ಕೇಳುತ್ತಾರೆ. ಆಕಾಶದಿಂದ ಬೀಳುವಾಗ ಶುದ್ಧವೇ. ಪಾರ್ಕಿಂಗ್ ಮೇಲೆ ಹರಿಯುವಷ್ಟರಲ್ಲಿ ಟೈರ್ ಸವೆದ ಪುಡಿಯ ಸತು, ಬ್ರೇಕ್ ಧೂಳಿನ ತಾಮ್ರ, ಸೋರಿದ ಎಣ್ಣೆ, ನುಣ್ಣನೆ ಮಣ್ಣು ಎಲ್ಲ ಸೇರಿಕೊಳ್ಳುತ್ತದೆ. ನಮ್ಮೂರಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮಳೆ ಇಲ್ಲವೇ ಇಲ್ಲ ಅನ್ನಬಹುದು. ಅಷ್ಟೂ ದಿನದ ಕೊಳೆ ಏಪ್ರಿಲ್‌ನ ಮೊದಲ ಮಳೆಗೆ ಒಮ್ಮೆಲೇ ಹೊರಡುತ್ತದೆ. ಈ ಸೈಟು ಇರುವುದು ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ. ಮೋರಿಯ ನೀರು ರಾಜಕಾಲುವೆಗೆ, ಅಲ್ಲಿಂದ ಬೆಳ್ಳಂದೂರು ಕೆರೆಗೆ, ಕೋಡಿ ಹರಿದು ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ. ಬೆಳ್ಳಂದೂರಿನ ನೊರೆಗೆ ಮುಖ್ಯ ಕಾರಣ ಒಳಚರಂಡಿ ನೀರು, ನಿಜ. ಹಾಗಂತ ನಮ್ಮ ಪಾರ್ಕಿಂಗಿನ ಎಣ್ಣೆಯನ್ನೂ ಅದಕ್ಕೆ ಸೇರಿಸಬಹುದಾ?

ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಗಂಟೆಗೆ 60 ಮಿಲಿಮೀಟರ್ ಸುರಿದರೆ ಈ ಸೈಟಿನ ಮೇಲೆ 2,16,000 ಲೀಟರ್. 12,000 ಲೀಟರಿನ ಟ್ಯಾಂಕರ್ ಹದಿನೆಂಟು. ಇದನ್ನು ನೋಡಿ ನಾನು ಗಾಬರಿಯಾದೆ. ಗಿಡ, ಮಣ್ಣಿನಲ್ಲೇ ನೀರು ಸೋಸೋಣ ಅಂತ ಹೋದರೆ ಸಾಮಾನ್ಯವಾಗಿ ನೀರು ಬರುವ ಜಾಗದ ನೂರಕ್ಕೆ ನಾಲ್ಕೈದು ಪಾಲಾದರೂ ಬೇಕು. ಅಂದರೆ ಸುಮಾರು 150 ಚದರ ಮೀಟರ್. ಗೇಟಿನ ಪಕ್ಕದ ಪಟ್ಟಿ ಇದ್ದದ್ದು 60. ಹಾಗಾಗಿ ಪಾರ್ಕಿಂಗ್ ಕೆಳಗೆ ಕಾಂಕ್ರೀಟ್ ಚೇಂಬರ್, ಅದರೊಳಗೆ ಸಾಲಾಗಿ ಕಾರ್ಟ್ರಿಜ್ ಫಿಲ್ಟರ್ ಅಂತ ಡ್ರಾಯಿಂಗ್ ಮಾಡಿದೆ. ಮೇಲೆ ಜಾಗ ಇಲ್ಲ, ಕೆಳಗೆ ಇದೆ. ಅಷ್ಟೇ ಯೋಚಿಸಿದ್ದು. ಯಾರೂ ಪ್ರಶ್ನೆ ಮಾಡಲಿಲ್ಲ.

ಎರಡನೇ ಮಳೆಗಾಲಕ್ಕೆ ಫೋನ್ ಬಂತು. ಜಾಲರಿಯಿಂದ ನೀರು ಉಕ್ಕಿ ಬೇಸ್‌ಮೆಂಟ್ ರ‍್ಯಾಂಪ್ ಕಡೆ ಹರೀತಿದೆ ಅಂತ.

ಮರುದಿನ ಬೆಳಿಗ್ಗೆ ಹೋದೆ. ಮೆಂಟೆನೆನ್ಸ್ ಸೂಪರ್‌ವೈಸರ್ ಕರೆದುಕೊಂಡು ಹೋಗಿ ತೋರಿಸಿದರು. ಮೂರು ಮುಚ್ಚಳ, ಮೂರರ ಮೇಲೂ ಕಾರು. "ಮೇಡಂ, ಇದರ ಕೆಳಗೆ ಫಿಲ್ಟರ್ ಇದೆ ಅಂತ ನನಗೆ ಗೊತ್ತಾಗಿದ್ದೇ ನಿನ್ನೆ" ಅಂದರು. ಒಂದು ಕಾರಿನವರು ಮೀಟಿಂಗಿನಲ್ಲಿದ್ದರು. ನಲವತ್ತು ನಿಮಿಷ ಕಾದೆವು. ಇಬ್ಬರು ಹಾರೆ ಹಾಕಿ ಎತ್ತಿದ ಮೇಲೆ ಮುಚ್ಚಳ ಕದಲಿತು. ಒಳಗೆ ಫಿಲ್ಟರ್‌ಗಳೇ ಕಾಣಲಿಲ್ಲ. ಬೂದು ಬಣ್ಣದ ಗಟ್ಟಿ ಕೆಸರು, ಬೆರಳಲ್ಲಿ ಉಜ್ಜಿದರೆ ಎಂ-ಸ್ಯಾಂಡಿನ ಧೂಳು ಮತ್ತು ಗಾರೆಯ ಹಾಲು ಅಂತ ತಿಳಿಯುತ್ತಿತ್ತು. ಅದರ ಮೇಲೆ ಹೊಂಗೆ ಎಲೆ, ಪೇಪರ್ ಟೀ ಕಪ್. ಮೇಲಿನ ಮಹಡಿಗಳಲ್ಲಿ ಇನ್ನೂ ಕೆಲಸ ನಡೆಯುವಾಗಲೇ ಫಿಲ್ಟರ್ ಕೂರಿಸಿದ್ದರು. ಕಟ್ಟಡ ತೆರೆಯುವ ಮೊದಲೇ ಅರ್ಧ ಕಟ್ಟಿಹೋಗಿತ್ತು.

ಅಷ್ಟರಲ್ಲಿ ಹೌಸ್‌ಕೀಪಿಂಗ್‌ನ ಒಬ್ಬ ಹುಡುಗ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಒಳಗೆ ಕಾಲು ಇಳಿಬಿಟ್ಟ. ಬಕೆಟ್ ಕೊಡಿ, ನಾನೇ ಎತ್ತುತ್ತೇನೆ ಅಂದ. ಬೇಡಪ್ಪ, ಮೊದಲು ಮೇಲೆ ಬಾ ಅಂತ ಕೂಗಿದೆ. ಮುಚ್ಚಿದ ಚೇಂಬರಿನ ಕೊಳೆತ ಕೆಸರಲ್ಲಿ ಯಾವ ಗಾಳಿ ಇರುತ್ತೆ, ಯಾರಿಗೆ ಗೊತ್ತು. ಅವನು ಬಂದ. ನನ್ನ ಕೈ ಮಾತ್ರ ಸುಮಾರು ಹೊತ್ತು ನಡುಗುತ್ತಿತ್ತು. ಆ ಡ್ರಾಯಿಂಗ್ ನನ್ನದು. ಅವನು ಒಳಗೆ ಇಳಿಯದೆ ಕ್ಲೀನ್ ಮಾಡಲು ಅದರಲ್ಲಿ ದಾರಿಯೇ ಇರಲಿಲ್ಲ. ಈಗ ಯಾವ ಚೇಂಬರ್ ಬರೆದರೂ ಮೊದಲು ಕೇಳಿಕೊಳ್ಳುವುದು ಇದನ್ನೇ: ಮುಚ್ಚಳ ಯಾರು ತೆಗೆಯುತ್ತಾರೆ, ಯಾರೂ ಇಳಿಯದೆ ಹೂಳು ಹೇಗೆ ಹೊರಗೆ ಬರುತ್ತದೆ?

ಇನ್ನೊಂದು ತಪ್ಪು ಲೆವೆಲಿನದು. ಅಂಥ ಫಿಲ್ಟರ್‌ನೊಳಗೆ ನೀರು ನುಗ್ಗಬೇಕಾದರೆ ಒಳಬರುವ ಪೈಪಿಗೂ ಹೊರಹೋಗುವ ಪೈಪಿಗೂ ಸುಮಾರು ಅರ್ಧ ಮೀಟರ್ ಇಳಿಜಾರು ಬೇಕು. ನಾನು ಹಳೇ ಸರ್ವೆಯ ಮೋರಿ ಲೆವೆಲ್ ನಂಬಿದ್ದೆ. ನಡುವೆ ರಸ್ತೆಗೆ ಮತ್ತೆ ಡಾಂಬರು ಬಿದ್ದು, ಮೋರಿಯನ್ನೂ ಎತ್ತರಿಸಿ ಕಟ್ಟಿದ್ದರು. ಎತ್ತರ ಅಳೆಯುವ ಆಟೋ ಲೆವೆಲ್ ಉಪಕರಣ ಇಟ್ಟು ನೋಡಿದರೆ ಸಿಕ್ಕಿದ್ದು 30 ಸೆಂಟಿಮೀಟರ್. ಫಿಲ್ಟರ್ ಹೊಸದಾಗಿದ್ದರೂ ಜೋರು ಮಳೆಗೆ ನೀರು ವಾಪಸ್ ಬರುತ್ತಿತ್ತು. ನಮ್ಮೂರಲ್ಲಿ ರಸ್ತೆ ಏರುತ್ತಲೇ ಇರುತ್ತದೆ, ಸೈಟು ಇದ್ದಲ್ಲೇ ಇರುತ್ತದೆ. ಸೈಟಿನ ವಿಸ್ತೀರ್ಣ ಅಳೆಯುವ ಮೊದಲು ಗೇಟಿನಾಚೆಯ ಮೋರಿಯ ತಳ ಅಳೆಯಬೇಕಿತ್ತು.

ಸರಿ, ಮುಂದೇನು? ಹಾಳೆ ತೆಗೆದು ಮತ್ತೆ ಮೊದಲಿಂದ ಬರೆದೆ. ಆಗ ಕಣ್ಣಿಗೆ ಬಿದ್ದದ್ದು ತಾರಸಿ. 3,600 ಚದರ ಮೀಟರಿನಲ್ಲಿ ಸುಮಾರು 2,000 ತಾರಸಿಯೇ. ಅಲ್ಲಿ ಕಾರು ಓಡುವುದಿಲ್ಲ, ಎಣ್ಣೆ ಇಲ್ಲ. ಅಷ್ಟು ಒಳ್ಳೆಯ ನೀರನ್ನು ತಂದು ಪಾರ್ಕಿಂಗಿನ ಕೊಳೆ ನೀರಿಗೆ ಬೆರೆಸಿ, ಆಮೇಲೆ ಅಷ್ಟನ್ನೂ ಸೋಸಲು ಹೊರಟಿದ್ದೆ. ತಾರಸಿ ನೀರನ್ನು ಬೇರೆ ಮಾಡಿದರೆ ಉಳಿಯುವುದು 1,600 ಚದರ ಮೀಟರ್. ಅದರ ನೂರಕ್ಕೆ ನಾಲ್ಕು ಅಂದರೆ 64. ಸಾಲದು ಅಂತ ನಾನು ಬಿಟ್ಟಿದ್ದ ಪಟ್ಟಿ 60! ಜಾಗ ಇಲ್ಲ ಅನ್ನುವುದು ಎಷ್ಟೋ ಸಲ ಎರಡು ನೀರನ್ನು ಒಂದು ಮಾಡಿದ್ದರಿಂದ ಹುಟ್ಟುವ ಮಾತು.

ತಾರಸಿ ನೀರು ಸಂಪಿಗೆ ಹೋಯಿತು, ಮೊದಲ ಮಳೆಯ ನೀರು ಹೊರಗೆ ಬಿಡುವ ವಾಲ್ವ್ ಇಟ್ಟು. 2009ರಿಂದ ನಮ್ಮಲ್ಲಿ 30×40 ಅಡಿ ಸೈಟಿನ ಹೊಸ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ, ಇಷ್ಟು ದೊಡ್ಡ ಕಟ್ಟಡಕ್ಕೆ ಕೇಳಬೇಕಾ. ಸಂಪು ತುಂಬಿದ ಮೇಲೆ ಹೆಚ್ಚಾದದ್ದು ಇಂಗುಬಾವಿಗೆ: ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ, ಸಿಮೆಂಟ್ ರಿಂಗು. ತೋಡಿದವರು ತಲೆಮಾರುಗಳಿಂದ ಬಾವಿ ತೋಡುವ ಮಣ್ಣು ಒಡ್ಡರು. ಪಾರ್ಕಿಂಗ್ ನೀರನ್ನು ಮಾತ್ರ ಬಾವಿಗೆ ಬಿಡಲೇ ಬಾರದು. ಅಂತರ್ಜಲಕ್ಕೆ ಎಣ್ಣೆ ಸೇರಿದರೆ ಅದನ್ನು ತೆಗೆಯುವವರು ಯಾರು?

ಗೇಟಿನ ಪಕ್ಕದ ಪಟ್ಟಿಯಲ್ಲಿ ಒಂದಡಿ ಗುಂಡಿ ತೋಡಿ, ಹಿಂದಿನ ದಿನವೇ ನೀರು ತುಂಬಿ ನೆನೆಸಿ, ಮರುದಿನ ಮತ್ತೆ ತುಂಬಿ, ಸ್ಕೇಲ್ ಹಿಡಿದು ಕೂತೆವು. ಗಂಟೆಗೆ 4 ಸೆಂಟಿಮೀಟರ್ ಇಳಿಯಿತು. ಇನ್ನೊಂದು ಮೂಲೆಯಲ್ಲಿ ಮೂರಡಿಗೇ ಕಲ್ಲು, ಹಾಕಿದ ನೀರು ಹಾಗೇ ನಿಂತಿತ್ತು. ಒಂದೇ ಸೈಟಿನಲ್ಲಿ ಇಷ್ಟು ವ್ಯತ್ಯಾಸ. ಹಾಗಾಗಿ ಮಣ್ಣಿನ ರಿಪೋರ್ಟಿನ ಒಂದು ಅಂಕಿ ನೋಡಿ ತೀರ್ಮಾನ ಮಾಡಬೇಡಿ, ನೀರು ಹಾಕಿ ನೋಡಿ.

ಒಳ್ಳೆಯ ಮೂಲೆಯ ಕಡೆಯಿಂದ ಮಳೆತೋಟ, ಅಂದರೆ ಪಾರ್ಕಿಂಗಿನ ನೀರನ್ನು ಮಣ್ಣು, ಗಿಡಗಳಲ್ಲಿ ಸೋಸುವ ತೋಟ, ಶುರುವಾಯಿತು. ಮರಳು ಜಾಸ್ತಿ ಇರುವ ಮಣ್ಣು ಎರಡಡಿ, ಮೇಲೆ 15 ಸೆಂಟಿಮೀಟರ್ ನೀರು ನಿಲ್ಲುವ ತಗ್ಗು. ತುಂಬಿ ಉಕ್ಕಿದ್ದು ಮೇಲ್ಮಟ್ಟದಿಂದಲೇ ಮೋರಿಗೆ ಹೋಗುವುದರಿಂದ 30 ಸೆಂಟಿಮೀಟರ್ ಇಳಿಜಾರೇ ಸಾಕಾಯಿತು. ಬೇಸ್‌ಮೆಂಟ್ ಗೋಡೆಯ ಕಡೆಗೆ ಶೀಟ್ ಹಾಕಿ ನೀರು ತಡೆದೆವು. ಸೊಳ್ಳೆ ಆಗಲ್ವಾ ಅಂತ ಎಲ್ಲರೂ ಕೇಳಿದರು, ಡೆಂಗಿ ಭಯ ಇರುವ ಊರಲ್ಲಿ ಕೇಳಲೇಬೇಕಾದ ಪ್ರಶ್ನೆ. ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಮ್ಮಿ ಒಂದು ವಾರ ನೀರು ನಿಲ್ಲಬೇಕು. ಇಲ್ಲಿ ನಾಲ್ಕೈದು ಗಂಟೆಯಲ್ಲಿ ಇಂಗುತ್ತದೆ. ಹೂಳು ಕಟ್ಟಿ ನೀರು ಒಂದು ದಿನ ದಾಟಿ ನಿಂತರೆ ಮೇಲಿನ ಎರಡು ಇಂಚು ಮಣ್ಣು ಕೆರೆದು ಬದಲಾಯಿಸಿ ಅಂತ ಸೂಪರ್‌ವೈಸರ್‌ಗೆ ಕನ್ನಡದಲ್ಲೇ ಬರೆದು ಕೊಟ್ಟೆ.

ಹಳೇ ಚೇಂಬರ್ ಒಡೆಯಲಿಲ್ಲ. ಫಿಲ್ಟರ್ ತೆಗೆದು, ಮಳೆತೋಟಕ್ಕೆ ಮೊದಲು ದಪ್ಪ ಮಣ್ಣು ಕೂರುವ ತೊಟ್ಟಿ ಮಾಡಿದೆವು. ಹೂಳನ್ನು ಮೇಲಿಂದಲೇ ಸಕ್ಷನ್ ಗಾಡಿಯ ಪೈಪು ಎಳೆಯುತ್ತದೆ. ಜಾಲರಿಯ ಕೆಳಗೆ ಒಂದೇ ಕೈಯಲ್ಲಿ ಎತ್ತಬಹುದಾದ ಬುಟ್ಟಿ, ಎಲೆ, ಟೀ ಕಪ್ ಅದರಲ್ಲೇ ಉಳಿಯಲಿ ಅಂತ. ಆ ಮೂರು ಕಾರಿನ ಜಾಗಕ್ಕೆ ಹಳದಿ ಗೆರೆ ಬಿತ್ತು. ಮೂರು ಪಾರ್ಕಿಂಗ್ ಬಿಟ್ಟುಕೊಡಲು ಮಾಲೀಕರನ್ನು ಒಪ್ಪಿಸಲು ನನಗೆ ಎರಡು ತಿಂಗಳು ಹಿಡಿಯಿತು.

ಮುಂದಿನ ಮೇ ತಿಂಗಳಲ್ಲಿ ಒಂದು ಸಂಜೆ ಜೋರು ಮಳೆ. ರಾತ್ರಿ ಸೂಪರ್‌ವೈಸರ್ ಒಂದು ಫೋಟೋ ಕಳಿಸಿದರು. ಕೊಡೆ ಹಿಡಿದ ಅದೇ ಹುಡುಗ, ಕೈಯಲ್ಲಿ ಎಲೆ ತುಂಬಿದ ಬುಟ್ಟಿ, ಕಾಲಲ್ಲಿ ಚಪ್ಪಲಿ.