ಬಾಗಿಲು ಹಾಕಿಕೊಂಡು ಮಾಡುವ ಹಬ್ಬ

ಕ್ರಿಸ್ಮಸ್ ಹಿಂದಿನ ದಿನ, ಡಿಸೆಂಬರ್ 24ರ ಮಧ್ಯಾಹ್ನ ಎರಡು ಗಂಟೆಯೊಳಗೆ ಇಲ್ಲಿ ಜರ್ಮನಿಯಲ್ಲಿ ಅಂಗಡಿಗಳ ಬಾಗಿಲು ಬೀಳುತ್ತವೆ. ಮೂರು ಗಂಟೆ ಹೊತ್ತಿಗೆ ರಸ್ತೆಯಲ್ಲಿ ಒಂದು ನರಪಿಳ್ಳೆ ಕಾಣುವುದಿಲ್ಲ. 25, 26 ಎರಡೂ ದಿನ ರಜೆ, ಎಲ್ಲಾ ಬಂದ್. ಹಾಲು, ಬ್ರೆಡ್ಡು, ತರಕಾರಿ ಮೊದಲೇ ತಂದಿಟ್ಟುಕೊಂಡಿದ್ದರೆ ಸರಿ, ಇಲ್ಲದಿದ್ದರೆ ಪಕ್ಕದ ಮನೆಯೇ ಗತಿ. ಗೌರಿ ಹಬ್ಬದ ಹಿಂದಿನ ಸಂಜೆ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗ ಇರಲ್ವಲ್ಲ, ಅದನ್ನು ನೋಡಿ ಬೆಳೆದವರಿಗೆ ಇದೂ ಹಬ್ಬದ ದಿನವೇ ಅಂತ ನಂಬುವುದು ಕಷ್ಟ.

ಊರಿಂದ ಫೋನ್ ಮಾಡುವವರು "ಅಲ್ಲಿ ಕ್ರಿಸ್ಮಸ್ ಭಾರೀ ಜೋರಂತಲ್ಲ, ಫೋಟೊ ಕಳ್ಸು" ಅಂತಾರೆ. ದೀಪ ಹಾಕಿದ ಕ್ರಿಸ್ಮಸ್ ಸಂತೆಯ ಫೋಟೊ ಕಳಿಸಬಹುದು. ಆದರೆ ಆ ಸಂತೆಗಳು ನವೆಂಬರ್ ಕೊನೆಗೆ ಶುರುವಾಗಿ, ಹೆಚ್ಚಿನವು ಹಬ್ಬದ ಹೊತ್ತಿಗೆ ಎದ್ದು ಹೋಗಿರುತ್ತವೆ. ನಿಜವಾದ ಹಬ್ಬ ನಡೆಯುವುದು ಮನೆಯೊಳಗೆ. ಅದೂ ಒಂದು ದಿನವಲ್ಲ, ಹತ್ತಿರ ಹತ್ತಿರ ಆರು ವಾರ. ಅದನ್ನು ಬರೆದೇ ಹೇಳಬೇಕು.

ನಾವಿರುವುದು ಜರ್ಮನಿಯ ಬವೇರಿಯಾದಲ್ಲಿ, ಮ್ಯೂನಿಕ್‌ನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಹಳ್ಳಿ. ರೈತರೊಬ್ಬರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಕೆಳಗೆ ಮನೆಯ ಹಿರಿಯಜ್ಜಿ, ಅವರ ದೊಡ್ಡ ಮಗ, ಸೊಸೆ, ನಾಲ್ಕು ಮೊಮ್ಮಕ್ಕಳು. ಹಿಂದೆ ಕೊಟ್ಟಿಗೆ, ಅದರ ಪಕ್ಕ ಸೌದೆ ಮನೆ. ಅಜ್ಜಿಗೆ ಏಳು ಮಕ್ಕಳು. ಹಬ್ಬಕ್ಕೆ ಎಲ್ಲರೂ ಬಂದು ಸೇರಿದರೆ ಮಲಗಲು ಹಾಸಿಗೆ ಸಾಲುವುದಿಲ್ಲ, ನಮ್ಮ ಹಾಲ್‌ನಲ್ಲೂ ಇಬ್ಬರು ಮಲಗುತ್ತಾರೆ. ಇಲ್ಲಿನವರಂತೆ ನಾವೂ ಅಜ್ಜಿಯನ್ನು ಓಮಾ ಅಂತಲೇ ಕರೆಯುತ್ತೇವೆ. ನಾನು ಸಕಲೇಶಪುರದ ಕಡೆ ತೋಟದ ಮನೆಯವಳು. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು, ಕಣದ ತುಂಬ ಕಾಫಿ, ಮನೆ ತುಂಬ ಜನ. ದೊಡ್ಡಮ್ಮ, ಚಿಕ್ಕಮ್ಮಂದಿರು ಒಂದೇ ಅಡುಗೆಮನೆಯಲ್ಲಿ ಓಡಾಡುತ್ತಿದ್ದ ಮನೆ ನಮ್ಮದು. ಅದಕ್ಕೇ ಏನೋ, ಈ ಮನೆಯ ಗದ್ದಲ ನನಗೆ ಬೇಗ ಹಿಡಿಸಿತು.

ಕಳೆದ ಚಳಿಗಾಲಕ್ಕೆ ಅಮ್ಮ ಬಂದಿದ್ದರು. ತೋಟ ಈಗ ತಮ್ಮನ ಕೈಲಿದೆ, ಹಾಗಾಗಿ ಕೊಯ್ಲಿನ ಹೊತ್ತಲ್ಲೂ ಬರಲು ಆಯಿತು. ಅವರಿಗೆ ಚಳಿಗಿಂತ ಜಾಸ್ತಿ ಕಾಡಿದ್ದು ಕತ್ತಲು. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವಾಗ ಬೆಳಿಗ್ಗೆ ಎಂಟು, ಮುಳುಗುವಾಗ ಸಂಜೆ ನಾಲ್ಕು ಇಪ್ಪತ್ತು. ಮೋಡ ಮುಚ್ಚಿದ ದಿನ ಅದೂ ಕಾಣುವುದಿಲ್ಲ. "ಏನೇ ಇದು, ಕಾಫಿ ಕುಡಿಯೋ ಹೊತ್ತಿಗೇ ರಾತ್ರಿ!" ಅಂತ ಕಿಟಕಿ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಊರಲ್ಲಿ ಆ ತಿಂಗಳು ಎಷ್ಟೇ ಇಬ್ಬನಿ ಬೀಳಲಿ, ಸಂಜೆ ಆರರವರೆಗೆ ಕಣದಲ್ಲಿ ಬೆಳಕಿರುತ್ತದೆ. ಇಲ್ಲಿಯ ಹಬ್ಬದಲ್ಲಿ ಯಾಕೆ ಇಷ್ಟು ಮೇಣದ ಬತ್ತಿ ಅನ್ನುವುದು ಈ ಕತ್ತಲಲ್ಲಿ ಒಂದು ತಿಂಗಳು ಇದ್ದರೆ ತಾನಾಗಿಯೇ ತಿಳಿಯುತ್ತದೆ.

ಹಬ್ಬಕ್ಕೆ ನಾಲ್ಕು ಭಾನುವಾರ ಇರುವಾಗ ಅಡುಗೆಮನೆ ಮೇಜಿನ ಮೇಲೆ ಫರ್ ಮರದ ಸೊಪ್ಪಿನ ಒಂದು ಚಕ್ರ ಬರುತ್ತದೆ. ಅದರ ಮೇಲೆ ನಾಲ್ಕು ದಪ್ಪ ಮೇಣದ ಬತ್ತಿ. ಮೊದಲ ಭಾನುವಾರ ಒಂದು, ಮುಂದಿನ ವಾರ ಎರಡು, ಹೀಗೆ ಹಚ್ಚುತ್ತಾ ಹೋಗುತ್ತಾರೆ. ಇದನ್ನು ಶುರುಮಾಡಿದ್ದು ಹ್ಯಾಂಬರ್ಗ್‌ನ ಯೋಹಾನ್ ಹಿನ್ರಿಕ್ ವಿಕೆರ್ನ್ ಎಂಬ ಪಾದ್ರಿ, 1839ರಲ್ಲಿ. ಅವರು ಬಡ ಮಕ್ಕಳಿಗೆ ಒಂದು ಆಶ್ರಮ ನಡೆಸುತ್ತಿದ್ದರು. ಹಬ್ಬ ಯಾವಾಗ, ಯಾವಾಗ ಅಂತ ಮಕ್ಕಳು ದಿನಾ ಪೀಡಿಸುತ್ತಿದ್ದರಂತೆ. ಹಳೆಯ ಗಾಡಿಯ ಚಕ್ರವೊಂದಕ್ಕೆ ಭಾನುವಾರಕ್ಕೆ ದೊಡ್ಡದು, ಉಳಿದ ದಿನಕ್ಕೆ ಚಿಕ್ಕದು ಅಂತ ಬತ್ತಿ ಸಿಕ್ಕಿಸಿ, ದಿನಕ್ಕೊಂದು ಹಚ್ಚಿಸಿದರು. ಕ್ಯಾಥೊಲಿಕ್ ಬವೇರಿಯಾಕ್ಕೆ ಈ ಪದ್ಧತಿ ಬಂದದ್ದು 20ನೇ ಶತಮಾನದಲ್ಲಿ. ಈಗ ಇದಿಲ್ಲದ ಮನೆ ಈ ಊರಲ್ಲಿ ನಾನು ಕಂಡಿಲ್ಲ. ಭಾನುವಾರ ಸಂಜೆ ಬತ್ತಿ ಹಚ್ಚಿದಾಗ ಲೈಟ್ ಆರಿಸುತ್ತಾರೆ. ಅಷ್ಟು ಜನ ಒಂದು ಮೇಜಿನ ಸುತ್ತ ಕೂತು, ಯಾರ ಕೈಯಲ್ಲೂ ಫೋನ್ ಇಲ್ಲದೆ ಹಾಡುವುದನ್ನು ನೋಡಿದಾಗ ನನಗೆ ತುಂಬ ಸಂತೋಷವಾಗುತ್ತದೆ. ನಮ್ಮ ಮನೆಗಳಲ್ಲೂ ಸಂಜೆ ದೀಪ ಹಚ್ಚಿ ಮಕ್ಕಳು ಭಜನೆ ಹೇಳುತ್ತಿದ್ದ ಕಾಲ ಒಂದಿತ್ತು, ಅಲ್ವಾ?

ಡಿಸೆಂಬರ್ 4ಕ್ಕೆ ಸಂತ ಬಾರ್ಬರಾ ಹೆಸರಲ್ಲಿ ಚೆರ್ರಿ ಮರದ ಬೋಳು ರೆಂಬೆ ಕಡಿದು ತಂದು ನೀರಲ್ಲಿ ಇಡುತ್ತಾರೆ. ಮನೆಯೊಳಗಿನ ಬಿಸಿಗೆ ಮೊಗ್ಗು ಉಬ್ಬಿ, ಹಬ್ಬದ ಹೊತ್ತಿಗೆ ಬಿಳಿ ಹೂ ಬಿಡುತ್ತದೆ. 5ರ ರಾತ್ರಿ ಮಕ್ಕಳು ಬೂಟು ಒರೆಸಿ ಬಾಗಿಲಲ್ಲಿ ಇಟ್ಟರೆ, ಬೆಳಿಗ್ಗೆ ಸಂತ ನಿಕೊಲಸ್ ಅದರೊಳಗೆ ಕಿತ್ತಳೆ, ಅಕ್ರೋಟು, ಚಾಕೊಲೇಟು ಇಟ್ಟು ಹೋಗಿರುತ್ತಾನೆ.

ಇನ್ನು ಬಿಸ್ಕತ್ತು. ಅಂಗಡಿಯಿಂದ ತರುವ ಮಾತೇ ಇಲ್ಲ. ಮೂರು ವಾರ ಒಲೆ ಆರುವುದಿಲ್ಲ. ಅಮ್ಮನಿಗೂ ಓಮಾಗೂ ಒಂದು ಮಾತೂ ಅರ್ಥವಾಗದಿದ್ದರೂ, ಇಬ್ಬರೂ ಒಂದೇ ಹಲಗೆಗೆ ಕೂತು ಅರ್ಧಚಂದ್ರದ ವನಿಲ್ಲಾ ಬಿಸ್ಕತ್ತು ಮಾಡಿದರು. 280 ಗ್ರಾಂ ಮೈದಾ, 210 ಗ್ರಾಂ ಬೆಣ್ಣೆ, 100 ಗ್ರಾಂ ಬಾದಾಮಿ ಪುಡಿ, 80 ಗ್ರಾಂ ಸಕ್ಕರೆ. ನೀರು ಬೇಡ, ಮೊಟ್ಟೆ ಬೇಡ. ಬೇಗ ಬೇಗ ಕಲಸಿ ತಣ್ಣಗೆ ಇಡಬೇಕು, ಕೈ ಬಿಸಿಗೆ ಬೆಣ್ಣೆ ಕರಗಿದರೆ ಆಕಾರ ನಿಲ್ಲುವುದಿಲ್ಲ. ಅಮ್ಮ ಹಿಟ್ಟನ್ನು ಬೆರಳ ತುದಿಯಲ್ಲಷ್ಟೇ ಹಿಡಿದು, ಎರಡೂ ತುದಿ ಸಣ್ಣಗೆ ಮಾಡಿ, ಹೆಬ್ಬೆರಳಿಂದ ಒಂದು ಬಾಗು ಕೊಟ್ಟು ತಟ್ಟೆಗೆ ಬಿಡುತ್ತಿದ್ದರು. ಓಮಾ ಆ ಹೆಬ್ಬೆರಳನ್ನೇ ನೋಡುತ್ತಾ ಕೂತುಬಿಟ್ಟರು. ಬೆಂದ ಮೇಲೆ ಇನ್ನೊಂದು ಸೂಕ್ಷ್ಮವಿದೆ. ಸುಡುವಾಗಲೇ ಮುಟ್ಟಿದರೆ ಮುರಿಯುತ್ತದೆ, ಪೂರಾ ಆರಿದರೆ ಸಕ್ಕರೆ ಪುಡಿ ಅಂಟುವುದಿಲ್ಲ. ಉಗುರುಬೆಚ್ಚಗಿರುವಾಗಲೇ ಹೊರಳಿಸಬೇಕು. ಇನ್ನೊಂದು ಬಗೆ ಇದೆ, ಲೇಬ್‌ಕೂಕನ್ ಅಂತ, ಚಕ್ಕೆ, ಲವಂಗ, ಏಲಕ್ಕಿ ಹಾಕಿದ್ದು. ಅದಕ್ಕೆ ಓಮಾ ಅಂಗಡಿಯ ಪುಡಿ ಡಬ್ಬಿ ತೆಗೆದಾಗ ಅಮ್ಮ ತಡೆದು, ಮೇಲೆ ಬಂದು, ನಮ್ಮ ತೋಟದ ಏಲಕ್ಕಿ ತಗೊಂಡು ಹೋಗಿ ಕುಟ್ಟಿಕೊಟ್ಟರು. ಆ ವರ್ಷದ ಲೇಬ್‌ಕೂಕನ್‌ಗೆ ಮನೆಯವರೆಲ್ಲ ಅಮ್ಮನ ಹೆಸರು ಹೇಳಿದರು.

ಅಡುಗೆಮನೆ ಕಪಾಟಿನ ಬಾಗಿಲಿಗೆ ಓಮಾ ಒಂದು ಹಾಳೆ ಅಂಟಿಸಿರುತ್ತಾರೆ. ಯಾರಿಗೆ ಯಾವ ಕೆಲಸ ಅಂತ. ದೊಡ್ಡ ಮೊಮ್ಮಗನಿಗೆ ಅಪ್ಪನ ಜೊತೆ ಹೋಗಿ ಮರ ತರುವುದು. ಎರಡನೆಯವಳಿಗೆ ಗೋದಲಿಗೆ, ಅಂದರೆ ಕ್ರಿಸ್ತ ಹುಟ್ಟಿದ ಕೊಟ್ಟಿಗೆಯ ಗೊಂಬೆ ಮಾದರಿಗೆ, ಕಾಡಿನಿಂದ ಪಾಚಿ ತರುವುದು. ಎಲ್ಲರಿಗಿಂತ ಚಿಕ್ಕವನಿಗೆ, ಹುಟ್ಟಿದ ಯೇಸುವನ್ನು ನೋಡಲು ಬಂದ ಮೂರು ರಾಜರ ಗೊಂಬೆ ನಡೆಸುವ ಕೆಲಸ. ಅವರು ದೂರದಿಂದ ಬರಬೇಕಲ್ಲ, ಹಾಗಾಗಿ ಕಿಟಕಿಯ ಆ ತುದಿಯಿಂದ ಹೊರಟು ದಿನಕ್ಕೆ ಸ್ವಲ್ಪ ಸ್ವಲ್ಪ ಮುಂದೆ ಬಂದು, ಜನವರಿ 6ಕ್ಕೆ ಗೋದಲಿ ಮುಟ್ಟಬೇಕು. ದೊಡ್ಡವರು ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಯಾರ ಹೆಸರು ಬಂತೋ ಅವರಿಗೊಂದೇ ಉಡುಗೊರೆ. ಇಷ್ಟು ದೊಡ್ಡ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ತರಲು ಹೋದರೆ ಸಾಲ ಮಾಡಬೇಕಾದೀತು. ನನ್ನ ಮಟ್ಟಿಗೆ ಈ ಮನೆಯ ಹಬ್ಬವನ್ನು ಹಿಡಿದಿಟ್ಟಿರುವುದು ಕಪಾಟಿನ ಆ ಹಾಳೆಯೇ. ಐದು ವರ್ಷದ ಮಗು ಕೂಡ ಸುಮ್ನೆ ನೋಡುತ್ತಾ ಕೂರುವುದಿಲ್ಲ. ತಾನು ರಾಜರನ್ನು ನಡೆಸದಿದ್ದರೆ ಹಬ್ಬ ಆಗುವುದೇ ಇಲ್ಲ ಅಂತ ಅವನು ನಿಜವಾಗಿ ನಂಬಿದ್ದಾನೆ. ಹಬ್ಬಕ್ಕೆ ಊರಿಗೆ ಬಂದ ಮಕ್ಕಳನ್ನು ಟಿವಿ ಮುಂದೆ ಕೂರಿಸಿ "ನೀವು ಅಡ್ಡ ಬರಬೇಡಿ" ಅನ್ನುವವರು ಇದನ್ನೊಮ್ಮೆ ನೋಡಬೇಕು.

ಹಬ್ಬದ ಮರ ನಿಲ್ಲಿಸುವುದು 24ಕ್ಕೇ, ಅದಕ್ಕೂ ಮುಂಚೆ ಅಲ್ಲ. ಬೆಳಿಗ್ಗೆಯಿಂದ ನಡುಮನೆಯ ಬಾಗಿಲಿಗೆ ಬೀಗ. ಈ ಕಡೆ ಉಡುಗೊರೆ ತರುವುದು ಕೆಂಪಂಗಿಯ ತಾತ ಅಲ್ಲ, ಬಾಲ ಯೇಸು ಅಂತ ನಂಬಿಕೆ. ಆ ಮಗು ಬಂದು ಹೋಗುವವರೆಗೆ ಮಕ್ಕಳು ಒಳಗೆ ಇಣುಕುವಂತಿಲ್ಲ. ಮಧ್ಯಾಹ್ನ ಎಲ್ಲರೂ ಕೆಂಪು ಗಾಜಿನ ದೀಪ ಹಿಡಿದು ಚರ್ಚಿನ ಪಕ್ಕದ ಸಮಾಧಿಗಳಿಗೆ ಹೋಗುತ್ತಾರೆ. ಓಮಾ ತಮ್ಮ ಯಜಮಾನರ ಸಮಾಧಿಯ ಮೇಲಿನ ಹಿಮವನ್ನು ಕೈಯಿಂದಲೇ ಒರೆಸಿ, ದೀಪ ಇಟ್ಟು, ಮಕ್ಕಳಲ್ಲಿ ಯಾರ್‍ಯಾರು ಬಂದಿದ್ದಾರೆ ಅಂತ ಒಬ್ಬೊಬ್ಬರ ಹೆಸರು ಹೇಳಿದರು. ಅಪ್ಪ ಹೋದ ಮೇಲೆ ಅಮ್ಮ ಯಾವ ಹಬ್ಬದಲ್ಲೂ ಅಷ್ಟು ಅತ್ತಿರಲಿಲ್ಲ. ಓಮಾ ಏನೂ ಕೇಳದೆ ಅವರ ಕೈ ಹಿಡಿದುಕೊಂಡು ಮನೆವರೆಗೆ ನಡೆದರು.

ಕತ್ತಲಾದ ಮೇಲೆ ಒಳಗಿಂದ ಒಂದು ಚಿಕ್ಕ ಗಂಟೆ ಕೇಳುತ್ತದೆ. ಆಗ ಬಾಗಿಲು ತೆರೆಯುತ್ತದೆ. ಮರದ ಮೇಲೆ ನಿಜವಾದ ಮೇಣದ ಬತ್ತಿಗಳು, ಪಕ್ಕದಲ್ಲಿ ಒಂದು ಬಕೆಟ್ ನೀರು. ಮಕ್ಕಳು ಉಡುಗೊರೆಗೆ ಕೈ ಹಾಕುವ ಮುಂಚೆ ಬೈಬಲ್‌ನ ಜನ್ಮಕಥೆ ಓದಿ, ಹಾಡಬೇಕು.

ಆ ರಾತ್ರಿಯ ಊಟ ಬಹಳ ಸರಳ. ಸಾಸೇಜು, ಆಲೂಗಡ್ಡೆ ಸಲಾಡು, ಅಷ್ಟೇ. ಹೆಂಗಸರು ಅಡುಗೆಮನೆಯಲ್ಲೇ ಹಬ್ಬ ಕಳೆಯಬಾರದು ಅಂತ ಓಮಾ ಹೇಳುತ್ತಾರೆ, ಅದು ನನಗೆ ತುಂಬ ಹಿಡಿಸಿದ ಮಾತು. ಇಲ್ಲಿ ಸಲಾಡಿಗೆ ಬಿಸಿ ಮಾಂಸದ ಸಾರು ಹಾಕುತ್ತಾರೆ. ಅಮ್ಮ ಸಸ್ಯಾಹಾರಿ ಅಂತ ತರಕಾರಿ ಸಾರು ಹಾಕಿ ಬೇರೆ ಮಾಡಿಟ್ಟಿದ್ದರು. ಅಮ್ಮನ ತವರು ಅರಕಲಗೂಡು ಕಡೆ, ಆಲೂಗಡ್ಡೆ ಬೆಳೆದೇ ಬದುಕಿದವರು. ಇಲ್ಲಿನ ಚೀಲದ ಮೇಲೆ ಇದು ಬೇಯಿಸಿದರೆ ಗಟ್ಟಿ ನಿಲ್ಲುವ ಗಡ್ಡೆ, ಇದು ಹಿಟ್ಟಾಗುವ ಗಡ್ಡೆ ಅಂತ ಅಚ್ಚು ಹಾಕಿರುತ್ತಾರೆ. ಸಲಾಡಿಗೆ ಮೊದಲನೆಯದು, ಮಾರನೇ ದಿನ ಬಾತುಕೋಳಿ ಜಾತಿಯ ಹೆಬ್ಬಾತಿನ ಜೊತೆ ಮಾಡುವ ಉಂಡೆಗೆ ಎರಡನೆಯದು. "ನಮ್ಮಲ್ಲೂ ಹೀಗೆ ಬರೆದು ಮಾರಿದ್ರೆ ರೈತರಿಗೆ ಎರಡು ಕಾಸು ಜಾಸ್ತಿ ಸಿಗ್ತಿತ್ತು ನೋಡು" ಅಂದರು.

ಊಟ ಆದ ಮೇಲೆ ಮನೆ ಮಗ ಒಲೆಯಿಂದ ಕೆಂಡ ತೆಗೆದು ಕಬ್ಬಿಣದ ಬಾಣಲೆಗೆ ಹಾಕಿ, ಮೇಲೆ ಧೂಪದ ಹರಳು ಉದುರಿಸಿದರು. ಕೋಣೆ ಕೋಣೆಗೂ, ಕೊನೆಗೆ ಕೊಟ್ಟಿಗೆಗೂ ಆ ಹೊಗೆ ಹಾಕಿದರು. 24, 31 ಮತ್ತು ಜನವರಿ 5, ಈ ಮೂರು ರಾತ್ರಿ ಹೀಗೆ ಮಾಡುವ ರೂಢಿ. ಕೆಟ್ಟದ್ದೆಲ್ಲ ಹೋಗಲಿ, ದನ ಕರು ಚೆನ್ನಾಗಿರಲಿ ಅಂತ. ಅಮ್ಮ ತಾನಾಗಿಯೇ ಸೆರಗು ಹೊದ್ದು ಅವರ ಹಿಂದೆ ಹಸುಗಳ ಹತ್ತಿರ ಹೋದರು. ಅಲ್ಲಿ ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ದಿನಗಳಲ್ಲಿ ಹಗ್ಗದ ಮೇಲೆ ಬಟ್ಟೆ ಒಣಹಾಕಬಾರದು ಅನ್ನುವ ನಂಬಿಕೆಯೂ ಇದೆ. ಆದರೂ ಓಮಾ ನಮಗೆ ಅದನ್ನು ಕಟ್ಟುಪಾಡಾಗಿ ಹೇಳಲಿಲ್ಲ.

ಆಮೇಲಿನ ದಿನಗಳೆಲ್ಲ ಮನೆಯೊಳಗಿನವು. ಹೆಚ್ಚಿನ ಊರುಗಳಲ್ಲಿ ಕೆಲಸದ ದಿನ ಬೆಳಿಗ್ಗೆ ಏಳರೊಳಗೆ ಮನೆ ಮುಂದಿನ ಕಾಲುದಾರಿಯ ಹಿಮ ಎತ್ತಬೇಕೆಂಬ ನಿಯಮ ಇದೆ, ಯಾರಾದರೂ ಜಾರಿ ಬಿದ್ದರೆ ಮನೆಯವರೇ ಹೊಣೆ. ಹಾಗಾಗಿ ಅದಕ್ಕೂ ಹಾಳೆಯಲ್ಲಿ ಸರದಿ, ನನ್ನ ಗಂಡನ ಹೆಸರೂ ಇದೆ. ಒಳಗೆ ಬಂದರೆ ಹೆಂಚಿನ ದೊಡ್ಡ ಒಲೆ, ಅದರ ಸುತ್ತ ಕೂರಲು ಜಗುಲಿ. ಅಮ್ಮ ಅಲ್ಲಿ ಕೂತು ಮೊಮ್ಮಗಳಿಗೂ ಓಮಾ ಮೊಮ್ಮಕ್ಕಳಿಗೂ ಚೌಕಾಬಾರ ಕಲಿಸಿದರು, ಕವಡೆ ಬದಲು ಹುಣಸೆ ಬೀಜ.

ಜನವರಿ 6ಕ್ಕೆ ಊರ ಮಕ್ಕಳು ಮೂರು ರಾಜರ ವೇಷ ಹಾಕಿ, ನಕ್ಷತ್ರ ಹಿಡಿದು ಮನೆ ಮನೆಗೆ ಬರುತ್ತಾರೆ. 1959ರಿಂದ ದೇಶದಾದ್ಯಂತ ಹೀಗೆ ಹಾಡಿ, ಬೇರೆ ದೇಶಗಳ ಬಡ ಮಕ್ಕಳಿಗಾಗಿ ದುಡ್ಡು ಕೂಡಿಸುತ್ತಿದ್ದಾರೆ. ಆ ಸಲ ನಮ್ಮ ಮಗಳೂ ಒಬ್ಬ ರಾಜ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ವರ್ಷದ ಅಂಕಿಗಳ ನಡುವೆ ಸಿ, ಎಂ, ಬಿ ಅಂತ ಬರೆಯುತ್ತಾರೆ. ಕ್ರಿಸ್ತ ಈ ಮನೆಯನ್ನು ಹರಸಲಿ ಅಂತ ಲ್ಯಾಟಿನ್‌ನಲ್ಲಿ ಅದರ ಅರ್ಥ. ನಮ್ಮ ಬಾಗಿಲಿಗೆ ಅಮ್ಮ ತಂದ ತೋರಣ ಇತ್ತಲ್ಲ, ಮಕ್ಕಳು ಅನುಮಾನಿಸಿ ನಿಂತರು. "ಬರೀಲಿ ಬಿಡೇ, ಮನೆಗೆ ಒಳ್ಳೇದಾಗಲಿ ಅಂತ ತಾನೇ" ಅಂತ ಅಮ್ಮ ತೋರಣವನ್ನು ಸ್ವಲ್ಪ ಮೇಲೆತ್ತಿ ಹಿಡಿದರು. ಸಿಕ್ಕ ದುಡ್ಡು ಚರ್ಚಿನ ಡಬ್ಬಿಗೆ ಹೋಯಿತು. ಸಿಕ್ಕ ಚಾಕೊಲೇಟನ್ನು ಮಕ್ಕಳು ಅಡುಗೆಮನೆ ಮೇಜಿನ ಮೇಲೆ ಸುರಿದು, ಎಣಿಸಿ ಹಂಚಿಕೊಂಡರು. ತೋರಣ ಹಿಡಿದದ್ದಕ್ಕೆ ಅಮ್ಮನಿಗೂ ಒಂದು ಪಾಲು ಕೊಟ್ಟರು.