ಖಾಲಿ ಬಿಟ್ಟ ಚೌಕ

ಸೆಪ್ಟೆಂಬರ್ 8 ಮೊಂತಿ ಹಬ್ಬ, ಯೇಸುವಿನ ತಾಯಿ ಮರಿಯಮ್ಮ ಹುಟ್ಟಿದ ದಿನ. ಆಗಸ್ಟ್ 30ಕ್ಕೆ ಅದರ ನವೇನ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರು. ಒಂಬತ್ತು ದಿನ ಮಕ್ಕಳು ಅಂಗಳದಲ್ಲಿ ಅರಳಿದ್ದನ್ನೆಲ್ಲ ಬುಟ್ಟಿಗೆ ತುಂಬಿ ತಂದು ಬಾಲೆ ಮರಿಯಮ್ಮನ ಮುಂದೆ ಸುರಿಯುತ್ತಾರೆ. ಮಲೆನಾಡಿನಲ್ಲಿ ಅದು ಡೇರೆಯ ಕಾಲ. ಮಳೆ ನೀರು ತುಂಬಿಕೊಂಡು ತಲೆ ಬಾಗಿದ ಡೇರೆ, ಅದರ ಜೊತೆ ಕರ್ಣಕುಂಡಲ, ದಾಸವಾಳ. ಈಚೆಗೆ ಪೇಟೆಯಿಂದ ಕೊಂಡ ಸೇವಂತಿಗೆಯ ಪೊಟ್ಟಣಗಳೂ ಬರುತ್ತಿವೆ. ಮರಿಯಮ್ಮ ಅದನ್ನೂ ಬೇಡ ಎನ್ನುವವಳಲ್ಲ, ಆದರೆ ಬೆಳಗ್ಗೆ ಎದ್ದು ಒದ್ದೆ ಗಿಡಕ್ಕೆ ಕೈ ಹಾಕುವ ಭಕ್ತಿ ಪೊಟ್ಟಣದಲ್ಲಿ ಬರುವುದಿಲ್ಲ.

ಮೊಂತಿ ಎಂಬ ಹೆಸರು ಬಂದದ್ದು ಮಂಗಳೂರಿನ ಹತ್ತಿರದ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಿಂದ. ಪೋರ್ಚುಗೀಸಿನಲ್ಲಿ ಮೊಂತೆ ಎಂದರೆ ಗುಡ್ಡ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತ ಕುಟುಂಬಗಳು ಹೊಸ ತೆನೆಯ ಈ ಹಬ್ಬವನ್ನೂ ಜೊತೆಗೇ ಹೊತ್ತು ತಂದವು, ಆದರೆ ಬೆಳೆಯ ಲೆಕ್ಕ ಇಲ್ಲಿಗೆ ಹೊಂದಲಿಲ್ಲ. ಜುಲೈ ಕೊನೆಗೆ ನಟ್ಟ ಮಲೆನಾಡಿನ ಗದ್ದೆ ಸೆಪ್ಟೆಂಬರ್ 8ಕ್ಕೆ ಇನ್ನೂ ಹಸಿರು ಹುಲ್ಲೇ. ಹಾಗಾಗಿ ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸುವ ಭತ್ತದ ತೆನೆಯನ್ನು ಘಟ್ಟದ ಕೆಳಗಿಂದ ತರಿಸಬೇಕು, ಇಲ್ಲವೇ ಬೇಗ ನಟ್ಟ ಗದ್ದೆ ಹುಡುಕಬೇಕು. ಆ ತೆನೆಯ ಒಂದು ಕಾಳನ್ನು ಉಗುರಿನಿಂದ ಒತ್ತಿದರೆ ಹಾಲು ಬರುತ್ತದೆ. ಬೆಳ್ಳಗೆ, ತುಸು ಸಿಹಿ, ಹಸಿ ಹುಲ್ಲಿನ ವಾಸನೆ. ಅಕ್ಕಿ ಇನ್ನೂ ಅಕ್ಕಿಯಾಗಿರದ ಹೊತ್ತು ಅದು. ಮರಿಯಮ್ಮ ತೊಟ್ಟಿಲ ಕೂಸಾಗಿದ್ದ ದಿನಕ್ಕೆ ಇದಕ್ಕಿಂತ ಒಪ್ಪುವ ಕಾಣಿಕೆ ಇನ್ನೊಂದಿಲ್ಲ.

ಚರ್ಚಿನಲ್ಲಿ ಬಲಿಪೂಜೆ (ಮಾಸ್) ಮುಗಿಸಿ ಮನೆಗೆ ಬಂದ ಮೇಲೆ ಆ ಕಾಳುಗಳನ್ನು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಮನೆಮಂದಿಯೆಲ್ಲ ಹಂಚಿಕೊಳ್ಳುವುದು ಪದ್ಧತಿ. ದೂರದೂರಲ್ಲಿ ಇರುವವರ ಪಾಲನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವುದೂ ಅದರೊಳಗೇ ಸೇರಿದೆ. ಧರ್ಮೋಪದೇಶ ತರಗತಿಯ ಮಕ್ಕಳು ನವೇನದ ದಿನಗಳಲ್ಲಿ ಎಲ್ಲರೂ ಸೇರಿ ಒಂದು ದೊಡ್ಡ ಚಿತ್ರ ಮಾಡುವುದಾದರೆ, ಈ ಲಕೋಟೆಯ ಮಾತನ್ನು ಮರೆಯಬಾರದು.

ಚಿತ್ರ ಹೀಗೆ. ಕೆಳಗೆ ಕೆಮ್ಮಣ್ಣಿನ ನೆಲ, ನಡುವೆ ತೊಟ್ಟಿಲಲ್ಲಿ ಬಾಲೆ, ಮೇಲಿಂದ ಬಾಗಿದ ಒಂದೇ ಒಂದು ತೆನೆ, ಹಿನ್ನೆಲೆಯೆಲ್ಲ ನೀಲಿ. 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಹಾಳೆಯಲ್ಲಿ ಮೊದಲು ಬಿಡಿಸಿ, 5 ಸೆಂಟಿಮೀಟರ್‌ಗೊಂದು ಗೆರೆ ಎಳೆದರೆ ಅಡ್ಡಕ್ಕೆ 4, ಉದ್ದಕ್ಕೆ 6, ಒಟ್ಟು 24 ಚೌಕ, ಮಗುವಿಗೊಂದು. ಪ್ರತಿ ಚೌಕವನ್ನು ನಾಲ್ಕು ಪಟ್ಟು ಹಿಗ್ಗಿಸಿ 20 ಸೆಂಟಿಮೀಟರ್ ಮಾಡಬೇಕು. ಅಂಗಡಿಯಲ್ಲಿ ಸಿಗುವ 22 ಇಂಚು ಅಗಲ, 28 ಇಂಚು ಉದ್ದದ ದಪ್ಪ ಡ್ರಾಯಿಂಗ್ ಶೀಟಿನಲ್ಲಿ ಇಂಥ ಆರು ಚೌಕ ಸಿಗುತ್ತವೆ, ನಾಲ್ಕು ಶೀಟು ಸಾಕು. ಅಂಚಿನ ತುಂಡುಗಳನ್ನು ಬಣ್ಣ ನೋಡುವುದಕ್ಕೆ ಇಟ್ಟುಕೊಳ್ಳಿ. ಹದಿನೆಂಟೇ ಮಕ್ಕಳಿದ್ದರೆ ಅಡ್ಡಕ್ಕೆ 3 ಮಾಡಿ. ಚೆನ್ನಾಗಿ ಬಿಡಿಸುವ ಮಗುವಿಗೆ ಎರಡು ಚೌಕ ಕೊಡುವುದು ಮಾತ್ರ ಬೇಡ, ಪಾಠ ಅಲ್ಲಿಗೇ ಕೆಟ್ಟಿತು.

ಕತ್ತರಿಸುವ ಮೊದಲು ಎರಡು ಕೆಲಸ. ಹಿಂಬದಿಯಲ್ಲಿ ಸಾಲು, ಸಂಖ್ಯೆ ಮತ್ತು ಮೇಲ್ಮುಖದ ಬಾಣ ಬರೆಯಬೇಕು. ಬಾಣವಿಲ್ಲದಿದ್ದರೆ ತೆನೆಯ ತುಂಡು ತಲೆಕೆಳಗಾಗುತ್ತದೆ, ಅದು ಗೊತ್ತಾಗುವುದು ಬಣ್ಣ ಒಣಗಿದ ಮೇಲೆ. ಇನ್ನೊಂದು, ಒಂದು ಚೌಕದಿಂದ ಪಕ್ಕದ್ದಕ್ಕೆ ಗೆರೆ ದಾಟುವಲ್ಲಿ ಎರಡೂ ಅಂಚುಗಳಲ್ಲಿ ಮೂಲೆಯಿಂದ ಒಂದೇ ಅಳತೆಗೆ ಚುಕ್ಕಿ ಇಡಬೇಕು. ಚುಕ್ಕಿಗಳ ನಡುವೆ ಮಗು ತನಗೆ ಬಂದಂತೆ ಬಿಡಿಸಲಿ, ಚುಕ್ಕಿಗೆ ಮಾತ್ರ ಬಂದು ಮುಟ್ಟಲಿ. ನೆರೆಯವರ ಜೊತೆಗಿನ ಕರಾರು ಅಷ್ಟೇ.

ನೀಲಿಯನ್ನು ದೊಡ್ಡವರು ಒಂದೇ ಬಾಟಲಿಯಲ್ಲಿ ಕಲಸಿಡುವುದು ಒಳ್ಳೆಯದು, ಇಲ್ಲದಿದ್ದರೆ ಆಕಾಶ ತೇಪೆ ಹಾಕಿದ ಕೌದಿಯಾಗುತ್ತದೆ. ತೆನೆಯ ಹಸಿರು ಹಾಗಲ್ಲ, ಮಕ್ಕಳೇ ಕಲಸಿಕೊಳ್ಳಲಿ. ಗದ್ದೆಯಲ್ಲಿ ಎಲ್ಲ ಕಾಳೂ ಒಂದೇ ಬಣ್ಣದ್ದೇನಲ್ಲ. ನೆಲಕ್ಕೆ ನಿಜವಾದ ಕೆಮ್ಮಣ್ಣನ್ನೇ ಬಟ್ಟೆಯಲ್ಲಿ ಸೋಸಿ, ಮೂರು ಚಮಚಕ್ಕೆ ಒಂದು ಚಮಚ ಫೆವಿಕಾಲ್ ಮತ್ತು ನೀರು ಬೆರೆಸಿ ಬಳಿಯಬಹುದು. ಅಂಟು ಕಡಿಮೆಯಾದರೆ ಕೈಗೆ ಪುಡಿ ಹತ್ತುತ್ತದೆ. ಕಾಳಿನ ಮುಳ್ಳನ್ನು ಎಳೆಯಲು ಪುಂಡಿ ನಾರಿನ ಕುಂಚಕ್ಕೆ ಸಮನಾದದ್ದಿಲ್ಲ. ಸಾಗರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕೆ ಬಳಸುವುದು ಅದನ್ನೇ. ಅವರ ಹಾಗೆ ಅಕ್ಕಿ ಹಿಟ್ಟಿನ ಬಿಳಿಯನ್ನು ಕಾಗದದ ಮೇಲೆ ಹಚ್ಚಿದರೆ ಈ ತೇವಕ್ಕೆ ಬೂಷ್ಟು ಹಿಡಿಯುವ ಭಯವಿದೆ, ಬಿಳಿಗೆ ಪೋಸ್ಟರ್ ಬಣ್ಣವೇ ಇರಲಿ.

ಮಳೆಯೇ ದೊಡ್ಡ ತೊಡಕು. ಮೊದಲ ಪದರ ಒಣಗದೆ ಎರಡನೆಯದು ಹಚ್ಚಿದರೆ ಕೆಳಗಿನದು ಕಿತ್ತು ಬಂದು ಕೆಸರಾಗುತ್ತದೆ. ಒಣಗಲೆಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ, ಹೊಗೆಗೆ ಕಪ್ಪಾಗುತ್ತದೆ, ಶಾಖಕ್ಕೆ ಸುರುಳುತ್ತದೆ. ಫ್ಯಾನಿನ ಕೆಳಗೆ ನೆಲದ ಮೇಲೆ ಹರಡಿ. ಒಂದೇ ಬದಿಗೆ ಬಣ್ಣ ಬಿದ್ದ ಕಾಗದ ಬಾಗಿಯೇ ಬಾಗುತ್ತದೆ. ಹಿಂಬದಿಗೆ ತೆಳ್ಳಗೆ ನೀರು ಸವರಿ, ಪತ್ರಿಕೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಟ್ಟರೆ ನೆಟ್ಟಗಾಗುತ್ತದೆ. ಪ್ಲೈವುಡ್ ಮೇಲೆ ಅಂಟಿಸುವಾಗ ಮೂಲೆಯಿಂದ ಶುರು ಮಾಡಿದರೆ ಕತ್ತರಿಯ ಒಂದೊಂದು ಮಿಲಿಮೀಟರ್ ತಪ್ಪೂ ಕೂಡುತ್ತಾ ಹೋಗಿ ಕೊನೆಯ ಸಾಲು ಹಲಗೆಯಿಂದ ಹೊರಗೆ ನಿಲ್ಲುತ್ತದೆ. ನಡುವಿನಿಂದ ಹೊರಟರೆ ತಪ್ಪು ಎರಡು ಕಡೆಗೆ ಹಂಚಿಹೋಗುತ್ತದೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುವ ಹಳೆಯ ರೂಢಿ ಮಕ್ಕಳಿರುವ ಕಡೆ ಖಂಡಿತ ಬೇಡ. ಅಡಿಕೆಗೆ ಹೊಡೆಯುವ ವಿಷ ಅದು.

ಐದಾರು ಮಕ್ಕಳಿಗೆ ಬರೀ ನೀಲಿ ಚೌಕ ಸಿಗುತ್ತದೆ. ಪೂರ್ತಿ ಚಿತ್ರವನ್ನು ಮೊದಲೇ ಯಾರಿಗೂ ತೋರಿಸದಿದ್ದರೆ ಇವರ ಮುಖ ಬಾಡುವುದು ಸಹಜ, ಪಕ್ಕದವನಿಗೆ ಕಣ್ಣು, ಮೂಗು, ತೊಟ್ಟಿಲು ಬಂದಿರುತ್ತದಲ್ಲ. ಆಗ ಸಮಾಧಾನಕ್ಕೆಂದು ಹಕ್ಕಿ, ನಕ್ಷತ್ರ ಸೇರಿಸಿ ಕೊಡಬಾರದು. ಅಂಟಿಸುವ ದಿನ ಎಲ್ಲ ಚೌಕಗಳನ್ನು ನೆಲದ ಮೇಲೆ ಜೋಡಿಸಿ, ಬಾಲೆಯ ತಲೆಯ ಪಕ್ಕದ ಒಂದು ನೀಲಿ ಚೌಕವನ್ನು ಸುಮ್ಮನೆ ಎತ್ತಿಬಿಡಿ. ಮಕ್ಕಳ ಕಣ್ಣು ಬಾಲೆಯನ್ನು ಬಿಟ್ಟು ಆ ತೂತಿಗೇ ಹೋಗುತ್ತದೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯವನ್ನು ತೆರೆಯಬೇಕಾದದ್ದು ಆಗ. ಕಣ್ಣು ಕೈಗೆ ನೀನು ನನಗೆ ಬೇಡ ಎನ್ನಲಾರದು, ಬಲಹೀನವೆಂದು ಕಾಣುವ ಅಂಗಗಳೇ ಅವಶ್ಯವಾದವು. ಅದೇ ಅಧ್ಯಾಯವನ್ನು ಮೊದಲ ದಿನವೇ ಓದಿಸಿದರೆ ಮಕ್ಕಳಿಗೆ ಅದು ಬರೀ ಬಾಯಿಪಾಠ.

ಅಂಚುಗಳು ಕೂಡದ ಕಡೆ ದೊಡ್ಡವರು ರಾತ್ರಿ ಕುಳಿತು ತಿದ್ದುವ ಚಾಳಿ ಇದೆ. ಚರ್ಚಿನ ಗುರುಗಳು ನೋಡುತ್ತಾರೆ, ಊರವರು ನೋಡುತ್ತಾರೆ ಎಂಬ ಭಯ. ಈಗೀಗ ಅಷ್ಟೂ ಬೇಡವೆಂದು ಫ್ಲೆಕ್ಸ್ ಮಾಡಿಸಿ ತಂದು ಕಟ್ಟುವುದೂ ಉಂಟು. ಆದರೆ ತೆನೆಯ ದಂಟು ಒಂದು ಚೌಕದಲ್ಲಿ ಬೆರಳಿನಷ್ಟು ದಪ್ಪ, ಪಕ್ಕದ್ದರಲ್ಲಿ ದಾರದಷ್ಟು ಸಣ್ಣ, ಆದರೂ ಎರಡೂ ಚುಕ್ಕಿಯಲ್ಲಿ ಬಂದು ಸೇರಿರುವ ಆ ಜಾಗವನ್ನು ಹತ್ತಿರ ಹೋಗಿ ನೋಡಬೇಕು. ದೇವರ ಮನೆಯವರೆಲ್ಲ ಸೇರಿರುವುದೂ ಹಾಗೆಯೇ.

ಜ್ವರವೋ, ಹಳ್ಳ ದಾಟಲಾಗದ ಮಳೆಯೋ, ಒಂದಿಬ್ಬರು ಮಕ್ಕಳು ಬರದೇ ಇರುತ್ತಾರೆ. ಅವರ ಚೌಕವನ್ನು ಬೇರೆ ಮಗುವಿಗೆ ಕೊಡಬೇಡಿ. ಹಬ್ಬದ ದಿನ ಹಲಗೆಯ ಆ ಜಾಗ ಬರೀ ಮರವಾಗಿಯೇ ಪೀಠದ ಪಕ್ಕ ನಿಲ್ಲಲಿ, ಜನ ಕೇಳಿದರೆ ಮಕ್ಕಳೇ ಉತ್ತರ ಹೇಳಲಿ. ಅವತ್ತೇ ಸಂಜೆ ಆಶೀರ್ವಾದದ ತೆನೆಯಿಂದ ನಾಲ್ಕು ಕಾಳು ಬಿಡಿಸಿ, ಗೆರೆ ಹಾಕಿದ ಚೌಕದ ಜೊತೆ ಲಕೋಟೆಯಲ್ಲಿಟ್ಟು ಆ ಮನೆಗೆ ಕಳಿಸಿ. ಬಾಟಲಿಯ ನೀಲಿಯನ್ನು ಮುಚ್ಚಳ ಬಿಗಿದು ಎರಡು ಚಮಚವಾದರೂ ಉಳಿಸಿಡಬೇಕು. ವಾರ ಕಳೆದು ಹಚ್ಚಿದ ನೀಲಿ ತುಸು ಬೇರೆಯಾಗಿಯೇ ಕಾಣುತ್ತದೆ, ಹಾಗೇ ಅಂಟಿಸಿ.